ಮೊಬೈಲ್ ಫೋನಿನ ಬ್ಯಾಟರಿಯೂ ಅದರ ವಿದ್ಯುತ್ ಮೂಲಗಳೂ

(ಬಿಡಕಿನ್ನಿನ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ಸಂದರ್ಭದಲ್ಲಿ ನಾಡನ್ನು ಕುರಿತೋ ನುಡಿಯನ್ನು ಕುರಿತೋ ಮಾತನಾಡುವುದು ವಾಡಿಕೆ. ಈ ನೆಲದಲ್ಲಿ ನಿಂತು ಅಂಥ ಮಾತನ್ನಾಡಲು ವಿಷಯಕ್ಕೆ ಕೊರತೆಯೂ ಇಲ್ಲ. ಇತ್ತ ಪೈಠಣದ ಮಗ್ಗುಲಲ್ಲಿ ಗೋದಾವರಿ ಹರಿಯುತ್ತಾಳೆ; ಅತ್ತ ವೇರೂಳದಲ್ಲಿ ನಮ್ಮ ಮಳಖೇಡದ ರಾಷ್ಟ್ರಕೂಟರ ಕೃಷ್ಣರಾಜನು ಕಡೆಯಿಸಿದ ಕೈಲಾಸ ದೇವಾಲಯವಿದೆ. ಬೀದರ, ಕಲಬುರಗಿ, ರಾಯಚೂರುಗಳೂ ಈ ಜಿಲ್ಲೆಯೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದ್ ರಾಜ್ಯದೊಳಗೆ ಇದ್ದುವು. ಈ ವಿಚಾರಗಳನ್ನು ನಮಗಿಂತ ಬಲ್ಲವರು ಇದೇ ವೇದಿಕೆಯಿಂದ ಹೇಳಿದ್ದಾರೆ, ಮುಂದೆಯೂ ಹೇಳುವರು. ಕಾರ್ಯಕಾರಿ ಮಂಡಲಿಯವರು ನಮಗೆ ಒಪ್ಪಿಸಿರುವ ವಿಷಯವು ಇದಕ್ಕಿಂತ ಬಹಳ ಚಿಕ್ಕದು: ನಮ್ಮೆಲ್ಲರ ಕಿಸೆಯಲ್ಲಿರುವ ಫೋನಿನ ಬ್ಯಾಟರಿಗೆ ಎಲ್ಲೆಲ್ಲಿಂದ ವಿದ್ಯುತ್ತನ್ನು ತುಂಬಿಸಬಹುದು, ಎಲ್ಲಿಂದ ತುಂಬಿಸಿದರೆ ಏನಾಗುವುದು ಎಂಬುದು.

ಇದೂ ಒಂದು ವಿಷಯವೇ ಎಂದು ಕೆಲವರಿಗೆ ತೋರಬಹುದು. ಆದರೆ ಊರು ಬಿಟ್ಟು ಬಂದು ಬಿಡಕಿನ್, ಶೇಂದ್ರಾ, ವಾಳೂಜಗಳ ಬಾಡಿಗೆಯ ಕೋಣೆಗಳಲ್ಲಿ ವಾಸವಾಗಿರುವ ನಮ್ಮವರಿಗೆ ಫೋನು ಎಂಬುದು ಈಗ ಬರಿಯ ಮಾತಿನ ಯಂತ್ರವಲ್ಲ. ಸಂಬಳ ಬಂದ ಸುದ್ದಿ ಅದರಲ್ಲಿ. ಕಿರಾಣಿ ಅಂಗಡಿಗೆ ಹಣ ಕೊಡುವುದು ಅದರಿಂದ. ಊರಿನಲ್ಲಿ ಒಬ್ಬಳೇ ಇರುವ ತಾಯಿಯ ಕ್ಷೇಮಸಮಾಚಾರ ಅದರ ಮೂಲಕ. ಬ್ಯಾಟರಿ ಬರಿದಾದರೆ ಈ ಮೂರೂ ನಿಲ್ಲುತ್ತವೆ. ನಡುರಾತ್ರಿಯಲ್ಲಿ ಊರಿನಿಂದ ಬರಬೇಕಾದ ಕರೆ ಬಾರದೆ ಹೋದರೆ ಆಗುವ ಸಂಕಟ ಎಂಥದೆಂಬುದನ್ನು ವಲಸೆ ಬಂದವರಿಗೆ ವಿವರಿಸಬೇಕಾಗಿಲ್ಲ. ಮೇಲಾಗಿ, ಒಂದೇ ಪ್ಲಗ್ ಬೋರ್ಡಿಗೆ ಐದಾರು ಮಂದಿ ಸಿಕ್ಕಿಸುವ ಕೋಣೆಗಳಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯವೂ ಹೌದು.

ಇನ್ನೊಂದು ಕಾರಣವೂ ಉಂಟು. 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಸಮರ್ಪಿತವಾದ ಬಿಡಕಿನ್ ಕೈಗಾರಿಕಾ ಪ್ರದೇಶವು 7,855 ಎಕರೆಯಷ್ಟು ವಿಸ್ತಾರವಾದುದು. ಬೆಂಗಳೂರಿನ ಏಥರ್ ಎನರ್ಜಿಯೂ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯೂ ಈ ಜಿಲ್ಲೆಯಲ್ಲಿ ಕಾರ್ಖಾನೆ ಕಟ್ಟುವುದಾಗಿ ಅದೇ ವರ್ಷ ಪ್ರಕಟಿಸಿದುವು. ಏಥರ್ ಕಂಪೆನಿಯ ಸ್ಕೂಟರಿನಲ್ಲಿರುವುದೂ ನಮ್ಮ ಫೋನಿನಲ್ಲಿರುವುದೂ ಒಂದೇ ಕುಲದ ಬ್ಯಾಟರಿ, ಲಿಥಿಯಂ ಅಯಾನ್. ಇಂಥ ಊರಿನಲ್ಲಿರುವ ನಾವು ಅದರ ಸ್ವಭಾವವನ್ನು ಸ್ವಲ್ಪವಾದರೂ ಅರಿತಿರುವುದು ಒಳ್ಳೆಯದು.

ಬ್ಯಾಟರಿಯ ಸ್ವಭಾವ

ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದುದು ಜಪಾನಿನ ಸೋನಿ ಸಂಸ್ಥೆ, 1991ರಲ್ಲಿ. ಅದಕ್ಕೆ ತಳಹದಿಯಾದ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಈ ಬ್ಯಾಟರಿಯಲ್ಲಿ ಎರಡು ಪಟ್ಟಿಗಳಿವೆ. ಚಾರ್ಜು ಮಾಡುವಾಗ ಲಿಥಿಯಂ ಕಣಗಳು ಒಂದು ಪಟ್ಟಿಯಿಂದ ಹೊರಟು ಇನ್ನೊಂದನ್ನು ಸೇರುತ್ತವೆ. ಫೋನನ್ನು ಬಳಸುವಾಗ ಹಿಂದಿರುಗುತ್ತವೆ. ಈ ಹೋಗಿಬರುವಿಕೆಗೆ ಒಂದು ಮಿತಿಯಿದೆ. ಮಿತಿಯನ್ನು ಮೀರಿ ತುಂಬಿದರೆ, ಅತಿಯಾಗಿ ಕಾಯಿಸಿದರೆ ಬ್ಯಾಟರಿ ಹಾಳಾಗುವುದು, ಅಪರೂಪವಾಗಿ ಹೊತ್ತಿಕೊಳ್ಳಲೂಬಹುದು.

ಇಲ್ಲಿಯೇ ನಾವು ಮುಖ್ಯವಾಗಿ ಹೇಳಬೇಕಾದ ಮಾತು ಬರುತ್ತದೆ. ನಾವೆಲ್ಲರೂ ಗೋಡೆಗೆ ಸಿಕ್ಕಿಸುವ ಪೆಟ್ಟಿಗೆಯನ್ನು ಚಾರ್ಜರ್ ಎಂದು ಕರೆಯುತ್ತೇವೆ. ನಿಜಕ್ಕೂ ಅದು ಚಾರ್ಜರ್ ಅಲ್ಲ. ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆ, ಅಷ್ಟೆ. ಬ್ಯಾಟರಿಗೆ ಎಷ್ಟು ವಿದ್ಯುತ್ತನ್ನು ಬಿಡಬೇಕು, ಯಾವಾಗ ಕಡಮೆ ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವ ಅಂಗವು ಫೋನಿನ ಒಳಗೇ ಇದೆ. ಹೊರಗಿನ ಮೂಲವು ನೀಡಲು ಸಿದ್ಧವಾಗಿರುವುದು, ತೆಗೆದುಕೊಳ್ಳುವುದು ಫೋನು.

ಇದಕ್ಕೆ ಇಲ್ಲಿಯದೇ ಒಂದು ದೃಷ್ಟಾಂತವನ್ನು ಕೊಡಬಹುದು. ಜಾಯಕವಾಡಿಯ ಜಲಾಶಯ ಬಹು ದೊಡ್ಡದು. ಆದರೆ ಅದು ದೊಡ್ಡದೆಂಬ ಕಾರಣಕ್ಕೆ ನಮ್ಮ ಮನೆಯ ನಲ್ಲಿಯಲ್ಲಿ ಪ್ರವಾಹ ಬರುವುದಿಲ್ಲ. ನಾವು ತಿರುಗಿಸಿದಷ್ಟೇ ನೀರು ಬರುತ್ತದೆ. ನೀರಿನ ಒತ್ತಡದಂಥದು ವೋಲ್ಟ್, ಹರಿವಿನಂಥದು ಆಂಪಿಯರ್. ಒತ್ತಡವು ಸರಿಯಾಗಿದ್ದರೆ ಹರಿವೆಷ್ಟೆಂಬುದು ತೆಗೆದುಕೊಳ್ಳುವವನ ಇಷ್ಟ. ಆದುದರಿಂದ 5 ವೋಲ್ಟಿನಲ್ಲಿ 3 ಆಂಪಿಯರ್ ಕೊಡಬಲ್ಲ ಪೆಟ್ಟಿಗೆಗೆ 1 ಆಂಪಿಯರ್ ಸಾಕೆನ್ನುವ ಹಳೆಯ ಫೋನನ್ನು ಸಿಕ್ಕಿಸಿದರೆ ಫೋನು ಸುಟ್ಟುಹೋಗುವುದಿಲ್ಲ. ಹೆಚ್ಚು ಆಂಪಿಯರಿನ ಪೆಟ್ಟಿಗೆ ಫೋನನ್ನು ಕೊಲ್ಲುತ್ತದೆ ಎಂಬ ಭಯ ನಮ್ಮಲ್ಲಿ ಬಹಳ ಮಂದಿಗೆ ಉಂಟು, ಅದು ನಿರಾಧಾರವಾದುದು. ಹೆದರಬೇಕಾದುದು ಒತ್ತಡವು ಅಡ್ಡಾದಿಡ್ಡಿಯಾದಾಗ ಮಾತ್ರ. ಅಂಥ ಕೆಲಸ ಮಾಡುವುದು ಕಳಪೆ ಪೆಟ್ಟಿಗೆಯೇ ಹೊರತು ದೊಡ್ಡ ಪೆಟ್ಟಿಗೆಯಲ್ಲ.

ಮೂಲಗಳು ಯಾವುವು?

ಇನ್ನು ಒಂದೊಂದೇ ಮೂಲವನ್ನು ನೋಡೋಣ. ಲೆಕ್ಕಕ್ಕಾಗಿ, ಈಗ ಸಾಮಾನ್ಯವಾಗಿರುವ 5,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯನ್ನು ಇಟ್ಟುಕೊಳ್ಳೋಣ. ಅದು ಹಿಡಿಸುವ ಶಕ್ತಿ ಸುಮಾರು 19 ವ್ಯಾಟ್-ಗಂಟೆ.

ಮೊದಲನೆಯದು ಕಂಪ್ಯೂಟರಿನ ಯುಎಸ್‌ಬಿ ಕಿಂಡಿ. 1996ರಲ್ಲಿ ಈ ಕಿಂಡಿಯನ್ನು ರೂಪಿಸಿದುದು ಫೋನಿಗಾಗಿ ಅಲ್ಲ. ಕೀಲಿಮಣೆ, ಮೌಸು ಮೊದಲಾದುವನ್ನು ಜೋಡಿಸುವುದಕ್ಕಾಗಿ. ಹಳೆಯ ಮಾದರಿಯ ಕಿಂಡಿ 5 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ. ಹೀಗಾಗಿ ನಮ್ಮ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಒಂಬತ್ತು ಗಂಟೆ ಬೇಕು. 2008ರಲ್ಲಿ ಬಂದ ಮೂರನೆಯ ಮಾದರಿಯ ಕಿಂಡಿ 0.9 ಆಂಪಿಯರ್ ಕೊಡುತ್ತದೆ. ಅದಕ್ಕೆ ಐದು ಗಂಟೆ ಸಾಕು. ಟೆಲಿವಿಷನ್ನಿನ ಹಿಂಬದಿಯ ಕಿಂಡಿಯದೂ ಹೆಚ್ಚುಕಡಮೆ ಇದೇ ಪಾಡು. ಇವುಗಳಿಂದ ಹಾನಿಯಿಲ್ಲ, ತಾಳ್ಮೆ ಬೇಕು. ನಾವು ವೀಡಿಯೊ ನೋಡುತ್ತ ಇಂಥ ಕಿಂಡಿಗೆ ಸಿಕ್ಕಿಸಿದರೆ ತುಂಬುವುದಕ್ಕಿಂತ ಖರ್ಚೇ ಹೆಚ್ಚಾಗಿ, ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗಬಹುದು. ಅದು ಫೋನಿನ ದೋಷವಲ್ಲ.

ಎರಡನೆಯದು ಗೋಡೆಯ ಪೆಟ್ಟಿಗೆ, ಎಂದರೆ ಅಡಾಪ್ಟರ್. ತನ್ನ ಎದುರಿಗಿರುವುದು ಕಂಪ್ಯೂಟರೋ ಅಡಾಪ್ಟರೋ ಎಂಬುದನ್ನು ಫೋನು ಹೇಗೆ ತಿಳಿಯುತ್ತದೆ? ಯುಎಸ್‌ಬಿ ಕೇಬಲಿನಲ್ಲಿ ವಿದ್ಯುತ್ತಿಗೆ ಎರಡು ತಂತಿ, ಮಾಹಿತಿಗೆ ಎರಡು ತಂತಿ ಇರುತ್ತವೆ. ಅಡಾಪ್ಟರಿನಲ್ಲಿ ಮಾಹಿತಿಯ ತಂತಿಗಳೆರಡನ್ನೂ ಒಂದಕ್ಕೊಂದು ಸೇರಿಸಿಬಿಟ್ಟಿರುತ್ತಾರೆ. ಫೋನು ಇದನ್ನು ಕಂಡು, "ಇಲ್ಲಿ ಹೆಚ್ಚಾಗಿ ತೆಗೆದುಕೊಳ್ಳಲು ಅಡ್ಡಿಯಿಲ್ಲ" ಎಂದು ಅರಿತುಕೊಳ್ಳುತ್ತದೆ. 2010ರ ನಿಯಮದಂತೆ ಹೀಗೆ 1.5 ಆಂಪಿಯರ್‌ವರೆಗೆ ತೆಗೆದುಕೊಳ್ಳಬಹುದು. ಮೂರು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ. ಈ ಗುರುತು ಸಿಕ್ಕದೆ ಹೋದರೆ ಫೋನು ಸಂಕೋಚಪಟ್ಟುಕೊಂಡು ಅರ್ಧ ಆಂಪಿಯರಿಗೇ ನಿಲ್ಲುತ್ತದೆ. ಒಂದು ಕಂಪೆನಿಯ ಅಡಾಪ್ಟರಿನಲ್ಲಿ ಇನ್ನೊಂದು ಕಂಪೆನಿಯ ಫೋನು ನಿಧಾನವಾಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಮೂರನೆಯದು ವೇಗದ ಅಡಾಪ್ಟರ್. 2014ರಲ್ಲಿ ಬಂದ ಟೈಪ್-ಸಿ ಕಿಂಡಿಯಲ್ಲಿ, ಹೇಗೆ ತಿರುಗಿಸಿ ಹಾಕಿದರೂ ಕೂಡುವ ಅನುಕೂಲದ ಜೊತೆಗೆ, ಮಾತುಕತೆಗೆಂದೇ ಪ್ರತ್ಯೇಕ ತಂತಿಯಿದೆ. "ನನ್ನಲ್ಲಿ ಇಷ್ಟು ವೋಲ್ಟಿನಲ್ಲಿ ಇಷ್ಟು ಆಂಪಿಯರ್ ಉಂಟು" ಎಂದು ಅಡಾಪ್ಟರು ಹೇಳುತ್ತದೆ. "ನನಗೆ ಇಂಥದು ಕೊಡು" ಎಂದು ಫೋನು ಕೇಳುತ್ತದೆ. ಮೊದಲು ಬರುವುದು 5 ವೋಲ್ಟೇ. ಫೋನು ಕೇಳದೆ 9 ಅಥವಾ 20 ವೋಲ್ಟು ಬರುವುದಿಲ್ಲ. ಆದಕಾರಣ, ಲ್ಯಾಪ್‌ಟಾಪಿನ 65 ವ್ಯಾಟಿನ ಟೈಪ್-ಸಿ ಅಡಾಪ್ಟರಿಗೆ ಫೋನನ್ನು ಸಿಕ್ಕಿಸಬಹುದೇ ಎಂದು ಕೇಳುವವರಿಗೆ, ಅದು ಒಳ್ಳೆಯ ತಯಾರಿಕೆಯದಾಗಿದ್ದರೆ ಧಾರಾಳವಾಗಿ ಸಿಕ್ಕಿಸಬಹುದು ಎಂದೇ ನಮ್ಮ ಉತ್ತರ. ಆದರೆ ಕೆಲವು ಕಂಪೆನಿಗಳು ಈ ಮಾತುಕತೆಯನ್ನು ತಮ್ಮದೇ ಗುಪ್ತಭಾಷೆಯಲ್ಲಿ ನಡೆಸುತ್ತವೆ. ಅವುಗಳ 67 ವ್ಯಾಟು, 80 ವ್ಯಾಟಿನ ವೇಗವು ಅವುಗಳದೇ ಪೆಟ್ಟಿಗೆ, ಅವುಗಳದೇ ಕೇಬಲು ಇದ್ದಾಗ ಮಾತ್ರ ಸಿಕ್ಕುತ್ತದೆ. ಬೇರೆಡೆ ಅದೇ ಫೋನು ಸಾಮಾನ್ಯ ವೇಗಕ್ಕೆ ಇಳಿಯುತ್ತದೆ. ಯಾವ ಪೆಟ್ಟಿಗೆಯಾದರೂ ಕೊನೆಯ ಐದನೆಯ ಒಂದು ಪಾಲು ನಿಧಾನವಾಗಿಯೇ ತುಂಬುವುದು. ಬ್ಯಾಟರಿಯ ರಕ್ಷಣೆಗಾಗಿ ಫೋನೇ ಹರಿವನ್ನು ಕಡಮೆ ಮಾಡುತ್ತದೆ. ಅವಸರವಿದ್ದವರು ನೂರಕ್ಕೆ ನೂರು ಆಗಲೆಂದು ಕಾಯಬೇಕಾಗಿಲ್ಲ. ಎಂಬತ್ತಕ್ಕೆ ತೆಗೆದರೆ ಬ್ಯಾಟರಿಗೂ ಹಿತ.

ಮರೆತುಹೋಗುವ ಮಧ್ಯಸ್ಥ

ನೀಡುವವನನ್ನೂ ಪಡೆಯುವವನನ್ನೂ ನೋಡಿದೆವು. ನಡುವೆ ಒಬ್ಬ ಮಧ್ಯಸ್ಥನಿದ್ದಾನೆ, ಕೇಬಲು. ದೂರುಗಳಲ್ಲಿ ಬಹುಪಾಲು ಇವನ ಮೇಲೆಯೇ ಬರಬೇಕಾದುವು, ಬರುವುದು ಮಾತ್ರ ಫೋನಿನ ಮೇಲೆ. ತೆಳು ತಂತಿಯ 28 ಗೇಜಿನ ಎರಡು ಮೀಟರ್ ಕೇಬಲಿನಲ್ಲಿ 1 ಆಂಪಿಯರ್ ಹರಿದರೆ, ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ಸೇರಿ ಸುಮಾರು 0.85 ವೋಲ್ಟು ದಾರಿಯಲ್ಲೇ ನಷ್ಟವಾಗುತ್ತದೆ. ಎರಡು ಆಂಪಿಯರಿಗೆ ನಷ್ಟವೂ ಎರಡು ಪಟ್ಟು. ಐದರಲ್ಲಿ ಇಷ್ಟು ಹೋದರೆ ಫೋನಿಗೆ ಉಳಿಯುವುದೆಷ್ಟು? ಅದು ತಾನಾಗಿಯೇ ಹರಿವನ್ನು ತಗ್ಗಿಸಿಕೊಳ್ಳುತ್ತದೆ. ಅದೇ ಉದ್ದದ 24 ಗೇಜಿನ ದಪ್ಪ ತಂತಿಯಲ್ಲಿ 1 ಆಂಪಿಯರಿಗೆ ಆಗುವ ನಷ್ಟ ಸುಮಾರು ಮೂರನೆಯ ಒಂದು ವೋಲ್ಟು. ಆದ್ದರಿಂದ ಹೊಸ ಅಡಾಪ್ಟರ್ ಕೊಳ್ಳುವ ಮೊದಲು ಚಿಕ್ಕದಾದ, ದಪ್ಪ ತಂತಿಯ ಕೇಬಲನ್ನು ಹಾಕಿ ನೋಡುವುದು ಜಾಣತನ.

ಕೇಬಲು ಹಾನಿಯನ್ನೂ ಮಾಡಬಲ್ಲುದು. ಗೂಗಲ್ ಸಂಸ್ಥೆಯಲ್ಲಿದ್ದ ಇಂಜಿನಿಯರ್ ಬೆನ್ಸನ್ ಲೆಯುಂಗ್ ಎಂಬವರು 2015ರಲ್ಲಿ ಮಾರುಕಟ್ಟೆಯ ಟೈಪ್-ಸಿ ಕೇಬಲುಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. 2016ರ ಆರಂಭದಲ್ಲಿ ತಂತಿಗಳನ್ನು ಅದಲುಬದಲಾಗಿ ಬೆಸೆದಿದ್ದ ಒಂದು ಅಗ್ಗದ ಕೇಬಲು ಅವರ ಲ್ಯಾಪ್‌ಟಾಪನ್ನೇ ಕೆಡಿಸಿಬಿಟ್ಟಿತು. ಪರೀಕ್ಷಕನಿಗೇ ಈ ಗತಿಯಾದರೆ, ಬಸ್ ನಿಲ್ದಾಣದ ಹೊರಗೆ ಗೊಂಚಲು ಗೊಂಚಲಾಗಿ ತೂಗುವ ಕೇಬಲುಗಳನ್ನು ಕೊಳ್ಳುವ ನಾವು ಎಚ್ಚರದಿಂದಿರುವುದು ಲೇಸು.

ಪ್ರಯಾಣದಲ್ಲಿ

ಊರಿಗೆ ಹೋಗಿಬರುವುದು ನಮ್ಮ ಜೀವನದ ಒಂದು ಭಾಗ. ಮನ್ಮಾಡಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರ, ಕಲಬುರಗಿಗಳ ಕಡೆಗೆ ಹೋಗುವವರು ನಮ್ಮಲ್ಲಿದ್ದಾರೆ. ನಮ್ಮ ರೈಲುಗಳ ಅನೇಕ ಬೋಗಿಗಳ ಸಾಕೆಟ್ಟಿನಲ್ಲಿ ಬರುವುದು ಮನೆಯಂತೆ 230 ವೋಲ್ಟಲ್ಲ, 110 ವೋಲ್ಟು. ಅಡಾಪ್ಟರಿನ ಮೇಲೆ "100ರಿಂದ 240 ವೋಲ್ಟ್" ಎಂದು ಬರೆದಿದ್ದರೆ ಚಿಂತೆಯಿಲ್ಲ. ಈಗಿನ ಒಳ್ಳೆಯ ಅಡಾಪ್ಟರುಗಳೆಲ್ಲ ಹೀಗೆಯೇ ಇರುತ್ತವೆ.

ಕಾರು, ಮೋಟಾರ್ ಸೈಕಲ್ಲುಗಳಲ್ಲಿ ಇರುವುದು 12 ವೋಲ್ಟಿನ ಬ್ಯಾಟರಿ. ಅದನ್ನು 5 ವೋಲ್ಟಿಗೆ ಇಳಿಸುವ ಸಣ್ಣ ಸಾಧನವನ್ನು ನಾವು ಸಿಕ್ಕಿಸುತ್ತೇವೆ. ಎಂಜಿನ್ನನ್ನು ಚಾಲೂ ಮಾಡುವ ಕ್ಷಣದಲ್ಲಿ ವೋಲ್ಟೇಜು ಏರಿಳಿಯುವುದರಿಂದ, ಚಾಲೂ ಮಾಡಿದ ಮೇಲೆ ಫೋನನ್ನು ಜೋಡಿಸುವುದು ಕ್ಷೇಮ. ಲಾರಿ ಓಡಿಸುವ ಸೋದರರು ಇನ್ನೊಂದನ್ನು ನೆನಪಿಡಬೇಕು: ದೊಡ್ಡ ಲಾರಿಗಳಲ್ಲಿರುವುದು 24 ವೋಲ್ಟು. ಕಾರಿಗೆಂದು ಮಾಡಿದ, 12 ವೋಲ್ಟಿಗೆ ಮಾತ್ರ ತಕ್ಕ ಸಾಧನವನ್ನು ಅಲ್ಲಿ ಹಾಕತಕ್ಕದ್ದಲ್ಲ. "12-24 ವೋಲ್ಟ್" ಎಂದಿರುವುದನ್ನೇ ಕೊಳ್ಳಬೇಕು.

ಪವರ್ ಬ್ಯಾಂಕಿನ ಮೇಲೆ ಬರೆದ ಸಂಖ್ಯೆಯನ್ನು ನೋಡಿ ಮೋಸಹೋದೆವೆಂದು ಹಲವರು ಹೇಳುವುದುಂಟು. 10,000 ಎಂದು ಬರೆದಿದ್ದರೆ 5,000ದ ಫೋನು ಎರಡು ಸಲ ತುಂಬಬೇಕಲ್ಲ ಎಂಬುದು ಅವರ ಲೆಕ್ಕ. ಆ ಸಂಖ್ಯೆಯು ಒಳಗಿನ 3.7 ವೋಲ್ಟಿನ ಬ್ಯಾಟರಿಯದು, ಎಂದರೆ 37 ವ್ಯಾಟ್-ಗಂಟೆ. ಅದನ್ನು 5 ವೋಲ್ಟಿಗೆ ಏರಿಸುವಾಗ ಸ್ವಲ್ಪ, ಫೋನಿನೊಳಗೆ ಮತ್ತೆ ಇಳಿಸುವಾಗ ಸ್ವಲ್ಪ ಶಾಖವಾಗಿ ಹೋಗುತ್ತದೆ. ಒಂದೂವರೆ ಸಲ ತುಂಬುವುದೂ ಕಷ್ಟ. ಇದು ವಂಚನೆಯಲ್ಲ, ಪ್ರಕೃತಿಯ ನಿಯಮ. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಸಾಮಾನಿನೊಡನೆ ಒಪ್ಪಿಸಲು ಅನುಮತಿಯಿಲ್ಲ.

ಕರೆಂಟು ಹೋದಾಗ ಸೂರ್ಯನೂ ನೆರವಾಗುತ್ತಾನೆ. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆಯವರು ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪವನ್ನು ಒಯ್ದ ಬಗೆ ನಿಮಗೆ ತಿಳಿದಿರಬಹುದು. ಸೌರಫಲಕದಿಂದ ಫೋನಿಗೆ ನೇರವಾಗಿ ಕೊಡುವುದಕ್ಕಿಂತ ನಡುವೆ ಒಂದು ಬ್ಯಾಟರಿ ಇರುವುದು ಮೇಲು. ಮೋಡ ಕವಿದಾಗ ಫಲಕದ ಶಕ್ತಿ ಕುಗ್ಗಿ, ಫೋನು ಕ್ಷಣಕ್ಷಣಕ್ಕೂ ಜೋಡಣೆ ತಪ್ಪಿ ಮತ್ತೆ ಜೋಡಣೆಯಾಗುತ್ತಿರುವುದು.

ನಿಲ್ದಾಣಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟಿರುವ ಯುಎಸ್‌ಬಿ ಕಿಂಡಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅದೇ ಕಿಂಡಿಯಲ್ಲಿ ಮಾಹಿತಿಯೂ ಹರಿಯಬಲ್ಲುದರಿಂದ ಅದರ ಮೂಲಕ ಫೋನಿನ ಗುಟ್ಟುಗಳನ್ನು ಕದಿಯುವ ಸಾಧ್ಯತೆಯನ್ನು ರಿಸರ್ವ್ ಬ್ಯಾಂಕು 2022ರ ತನ್ನ ಕೈಪಿಡಿಯಲ್ಲಿ ಪ್ರಸ್ತಾಪಿಸಿದೆ. ಪರಿಹಾರ ಸುಲಭ: ನಮ್ಮದೇ ಅಡಾಪ್ಟರನ್ನು ಒಯ್ದು ಗೋಡೆಯ ಸಾಕೆಟ್ಟಿಗೆ ಹಾಕುವುದು. ಅನಿವಾರ್ಯವಾದರೆ, ಫೋನು ಕೇಳುವ ಪ್ರಶ್ನೆಗೆ "ಚಾರ್ಜಿಂಗ್ ಮಾತ್ರ" ಎಂದೇ ಉತ್ತರ ಕೊಡಬೇಕು.

ಬಿಲ್ಲಿನ ಜಗಳ

ಮಹನೀಯರೇ, ಬಾಡಿಗೆಯ ಮನೆಗಳಲ್ಲಿ ಕೇಳಿಬರುವ ಒಂದು ಮಾತಿದೆ: "ಎಲ್ಲರ ಫೋನೂ ಹಗಲೂ ರಾತ್ರಿ ಸಿಕ್ಕಿಸಿರುತ್ತದೆ, ಬಿಲ್ಲು ಏರದೆ ಇನ್ನೇನಾದೀತು?" ಲೆಕ್ಕ ಹಾಕಿ ನೋಡೋಣ. ಒಂದು ಫೋನು ಪೂರ್ತಿ ತುಂಬಲು, ನಷ್ಟವೂ ಸೇರಿ, ಗೋಡೆಯಿಂದ ತೆಗೆದುಕೊಳ್ಳುವುದು ಸುಮಾರು 25 ವ್ಯಾಟ್-ಗಂಟೆ. ಒಂದು ಯೂನಿಟ್ಟೆಂದರೆ 1,000 ವ್ಯಾಟ್-ಗಂಟೆ. ಎಂದರೆ ಒಂದು ಯೂನಿಟ್ಟಿಗೆ ನಲವತ್ತು ಸಲ! ದಿನಕ್ಕೊಮ್ಮೆ ತುಂಬಿಸುವವನು ತಿಂಗಳಿಗೆ ಒಂದು ಯೂನಿಟ್ಟನ್ನೂ ಖರ್ಚುಮಾಡುವುದಿಲ್ಲ. ಐದು ಮಂದಿಯ ಕೋಣೆಗೆ ತಿಂಗಳಿಗೆ ನಾಲ್ಕು ಯೂನಿಟ್ಟಿನೊಳಗೆ. 75 ವ್ಯಾಟಿನ ಫ್ಯಾನು ಒಂದು ಯೂನಿಟ್ಟನ್ನು ಹದಿಮೂರೇ ಗಂಟೆಗಳಲ್ಲಿ ಮುಗಿಸುತ್ತದೆ. ಆದುದರಿಂದ ಫೋನಿನ ಹೆಸರಿನಲ್ಲಿ ನಮ್ಮ ನಮ್ಮಲ್ಲೇ ಮನಸ್ತಾಪ ಬೇಡ. ಮನೆಯ ಮಾಲೀಕರಿಗೂ ಈ ಲೆಕ್ಕವನ್ನು ವಿನಯದಿಂದ ತಿಳಿಸಬಹುದು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಕೊನೆಯದಾಗಿ ಸುರಕ್ಷತೆ. ಈ ಭಾಗವನ್ನು ತಾಯಂದಿರು ವಿಶೇಷವಾಗಿ ಲಕ್ಷಿಸಬೇಕೆಂದು ಕೋರುತ್ತೇವೆ.

ಗೋಡೆಯ 230 ವೋಲ್ಟಿಗೂ ನಮ್ಮ ಕೈಗೆ ಬರುವ 5 ವೋಲ್ಟಿಗೂ ನಡುವೆ ಇರುವ ತಡೆಗೋಡೆಯೆಂದರೆ ಅಡಾಪ್ಟರಿನ ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರು ಮಾತ್ರ. ಕಳಪೆ ಪೆಟ್ಟಿಗೆಗಳಲ್ಲಿ ಉಳಿತಾಯ ಮಾಡುವುದು ಇಲ್ಲಿಯೇ. ಆ ಗೋಡೆ ಒಡೆದರೆ 230 ವೋಲ್ಟು ಫೋನಿಗೂ ಅದನ್ನು ಹಿಡಿದವನಿಗೂ ಬರುತ್ತದೆ. ಇದಕ್ಕಾಗಿಯೇ ನಮ್ಮ ದೇಶದಲ್ಲಿ ಅಡಾಪ್ಟರುಗಳೂ ಪವರ್ ಬ್ಯಾಂಕುಗಳೂ ಭಾರತೀಯ ಮಾನಕ ಬ್ಯೂರೋವಿನಲ್ಲಿ ಕಡ್ಡಾಯವಾಗಿ ನೋಂದಣಿಯಾಗಬೇಕು. ಅವುಗಳ ಮೇಲೆ "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬ್ಯೂರೋವಿನ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂಬುದು ತಿಳಿಯುತ್ತದೆ. ಕಂಪೆನಿಯ ಹೆಸರನ್ನು ನೋಡುವುದಕ್ಕಿಂತ ಈ ಸಂಖ್ಯೆಯನ್ನು ನೋಡುವುದು ಮುಖ್ಯ.

ಬ್ಯಾಟರಿಯ ದೊಡ್ಡ ಶತ್ರು ಶಾಖ. ಈ ಬ್ಯಾಟರಿಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜು ಮಾಡಬಾರದು. ಮರಾಠವಾಡದ ಬೇಸಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ತಗಡಿನ ಮಾಡಿನ ಕೋಣೆಯೊಳಗೆ ಎಷ್ಟಾಗಬಹುದೆಂಬುದನ್ನು ಅಲ್ಲಿರುವವರೇ ಬಲ್ಲರು. ಅಂಥ ದಿನಗಳಲ್ಲಿ ನಡುಹಗಲು ಬಿಟ್ಟು ಸಂಜೆಯ ತಂಪಿನಲ್ಲೋ ಬೆಳಗಿನ ಜಾವದಲ್ಲೋ ಚಾರ್ಜು ಮಾಡುವುದು ಒಳ್ಳೆಯದು. ದಿಂಬಿನ ಕೆಳಗೆ, ಕೌದಿಯ ಮಡಿಕೆಯಲ್ಲಿ, ಮಗುವಿನ ಮಗ್ಗುಲಲ್ಲಿ ಫೋನನ್ನಿಟ್ಟು ಚಾರ್ಜಿಗೆ ಹಾಕಲೇಬಾರದು. ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಕೂಡಿಕೊಳ್ಳುತ್ತದೆ. ಹಾಸುಗಲ್ಲಿನ ಮೇಲೆ, ಬರಿಯ ಮೇಜಿನ ಮೇಲೆ ಇಡಬೇಕು.

ಫೋನಿನ ಬೆನ್ನು ಉಬ್ಬಿದ್ದರೆ ಬ್ಯಾಟರಿ ಕೆಟ್ಟಿತೆಂದೇ ಅರ್ಥ. ಮತ್ತೆ ಅದನ್ನು ಚಾರ್ಜಿಗೆ ಹಾಕಕೂಡದು, ಒತ್ತಕೂಡದು, ಚುಚ್ಚಕೂಡದು, ಮನೆಯ ಕಸದೊಡನೆ ಎಸೆಯಕೂಡದು. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಸರ್ವಿಸ್ ಸೆಂಟರಿಗೆ ಒಪ್ಪಿಸಿ ಬರಬೇಕು. ಪ್ಲಗ್ ಬೋರ್ಡಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಹೀಗೆ ಏರಿಸುತ್ತ ಹೋಗುವ ಪದ್ಧತಿಯನ್ನೂ ಬಿಡಬೇಕು. ಫೋನುಗಳಿಂದ ಆ ಬೋರ್ಡಿಗೆ ಭಾರವಾಗುವುದಿಲ್ಲ. ಅದೇ ಬೋರ್ಡಿಗೆ ಸೇರಿಸಿದ ವಿದ್ಯುತ್ ಒಲೆ, ನೀರು ಕಾಯಿಸುವ ಕಾಯಿಲುಗಳಿಂದ ಆಗುತ್ತದೆ.

ಒಂದೇ ಕಿಂಡಿಯ ಕಡೆಗೆ

ಹಿಂದೆ ಒಂದೊಂದು ಕಂಪೆನಿಯ ಫೋನಿಗೆ ಒಂದೊಂದು ಬಗೆಯ ಪಿನ್ನು ಇತ್ತು. ಮನೆಗೆ ಬಂದ ನೆಂಟರಿಗೆ ಊಟವನ್ನಾದರೂ ಕೊಡಬಹುದಾಗಿತ್ತು, ಚಾರ್ಜರನ್ನು ಕೊಡುವಂತಿರಲಿಲ್ಲ. ಈ ಗೊಂದಲ ಈಗ ಕಡಮೆಯಾಗುತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರುವ ಫೋನುಗಳಿಗೆ ಟೈಪ್-ಸಿ ಕಿಂಡಿ ಕಡ್ಡಾಯವಾಗಿದೆ. ಬಹುಕಾಲ ಬೇರೆ ಕಿಂಡಿಯನ್ನೇ ಇಟ್ಟುಕೊಂಡಿದ್ದ ಆ್ಯಪಲ್ ಸಂಸ್ಥೆಯೂ 2023ರಲ್ಲಿ ಇದಕ್ಕೆ ಒಪ್ಪಿತು. ನಮ್ಮ ಮಾನಕ ಬ್ಯೂರೋ ಕೂಡ ಟೈಪ್-ಸಿಗೆ ಭಾರತೀಯ ಮಾನಕವನ್ನು ಪ್ರಕಟಿಸಿದೆ. ಇನ್ನು ಮುಂದೆ ಮನೆಮಂದಿಗೆಲ್ಲ ಸೇರಿ ಒಳ್ಳೆಯ ಅಡಾಪ್ಟರು ಒಂದೆರಡು, ಒಳ್ಳೆಯ ಕೇಬಲುಗಳು ಎರಡು ಮೂರು ಇದ್ದರೆ ಸಾಕು. ಅಗ್ಗದವು ಹತ್ತನ್ನು ಕೊಳ್ಳುವ ಹಣದಲ್ಲಿ ಒಳ್ಳೆಯದೊಂದನ್ನು ಕೊಳ್ಳಬಹುದು.

ನಾವು ಹೇಳಿದುದರ ಸಾರ ಇಷ್ಟೆ. ಮೂಲವು ನೀಡುತ್ತದೆ, ಫೋನು ಬೇಕಾದಷ್ಟನ್ನು ಕೇಳಿ ಪಡೆಯುತ್ತದೆ, ಕೇಬಲು ಬಿಟ್ಟಷ್ಟು ಹರಿಯುತ್ತದೆ. ಕಂಪ್ಯೂಟರು, ಗೋಡೆ, ರೈಲು, ಲಾರಿ, ಸೂರ್ಯ, ಎಲ್ಲಿಂದ ಬಂದರೂ ವಿದ್ಯುತ್ತು ವಿದ್ಯುತ್ತೇ. ಅದು ಪ್ರಾಮಾಣಿಕವಾದ ಪೆಟ್ಟಿಗೆಯ ಮೂಲಕ ಬರುವುದೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಸಂಘದ ತರುಣರಲ್ಲಿ ಒಂದು ಬಿನ್ನಹವುಂಟು. ನಿಮ್ಮಲ್ಲಿ ಎಷ್ಟೋ ಮಂದಿ ವಿದ್ಯುತ್ ಕೆಲಸವನ್ನು ಬಲ್ಲವರು, ಕಾರ್ಖಾನೆಗಳಲ್ಲಿ ದುಡಿಯುವವರು. ದೀಪಾವಳಿಯ ರಜೆಯಲ್ಲಿ ಒಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ನಮ್ಮ ಕುಟುಂಬಗಳಿರುವ ಕೋಣೆಗಳಿಗೆ ಹೋಗಿ, ಬೋರ್ಡುಗಳನ್ನೂ ಅಡಾಪ್ಟರುಗಳನ್ನೂ ಒಮ್ಮೆ ನೋಡಿಬನ್ನಿ. ಕರಕಾದುದನ್ನು, ತಂತಿ ಹೊರಬಂದುದನ್ನು ತೆಗೆಸಿಹಾಕಿರಿ. ಊರಿಗೆ ಹೋದಾಗ ಹಿರಿಯರ ಫೋನಿನ ಕೇಬಲನ್ನೂ ಒಮ್ಮೆ ನೋಡಿರಿ; "ಅವ್ವಾ, ಇದನ್ನು ದಿಂಬಿನ ಕೆಳಗೆ ಇಡಬೇಡ" ಎಂದು ಹೇಳಿಬನ್ನಿ. ಇದಕ್ಕೆ ಹಣ ಬೇಕಾಗಿಲ್ಲ, ಒಂದು ಮಧ್ಯಾಹ್ನ ಸಾಕು.